ಕ್ವೆರಿ ಲೆಟರ್‌ನಿಂದ ಏಜೆಂಟ್ ಸಿಗುವವರೆಗೆ: ನಾನು ನಡೆದು ಬಂದ ದಾರಿ

ಏಜೆನ್ಸಿಯ ಒಪ್ಪಂದಕ್ಕೆ ಸಹಿ ಹಾಕಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಕಾದ ದಿನಗಳ ನೆನಪು ಮಾಸುವ ಮೊದಲೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಅದನ್ನು ನ್ಯೂಯಾರ್ಕ್ ಅಥವಾ ಲಂಡನ್ನಿನ ಪ್ರಕಾಶಕರವರೆಗೆ ತಲುಪಿಸಬೇಕು ಅನ್ನುವ ಆಸೆ ಇರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಯಾವುದು ನಿಯಮ, ಯಾವುದು ಬರೀ ರೂಢಿ, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಅನ್ನುವುದು ನನಗೆ ದಾರಿಯುದ್ದಕ್ಕೂ ಚೂರುಚೂರಾಗಿ ತಿಳಿಯಿತು. ನಿಮಗಾದರೂ ಎಲ್ಲ ಒಂದೇ ಕಡೆ ಸಿಗಲಿ.

ಮೊದಲು ವ್ಯವಸ್ಥೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ಅಲ್ಲಿನ ದೊಡ್ಡ ಪ್ರಕಾಶಕರು ಲೇಖಕರಿಂದ ನೇರವಾಗಿ ಕಾದಂಬರಿ ತೆಗೆದುಕೊಳ್ಳುವುದು ತೀರಾ ಅಪರೂಪ. ನಡುವೆ ಲಿಟರರಿ ಏಜೆಂಟ್ ಇರುತ್ತಾರೆ. ಪುಸ್ತಕವನ್ನು ಸರಿಯಾದ ಸಂಪಾದಕರ ಕೈಗೆ ಮುಟ್ಟಿಸುವುದು, ಚೌಕಾಸಿ ಮಾಡುವುದು, ಒಪ್ಪಂದ ಪರಿಶೀಲಿಸುವುದು, ಬಂದ ಹಣವನ್ನು ಲೇಖಕರಿಗೆ ತಲುಪಿಸುವುದು ಅವರ ಕೆಲಸ. ಆ ಏಜೆಂಟರಿಗೆ ನಾವು ಬರೆಯುವ ಒಂದು ಪುಟದ ಪತ್ರವೇ ಕ್ವೆರಿ ಲೆಟರ್. ಬ್ರಿಟನ್ನಿನಲ್ಲಿ ಇದಕ್ಕೆ ಕವರಿಂಗ್ ಲೆಟರ್ ಅನ್ನುತ್ತಾರೆ. ಅಲ್ಲಿ ಪತ್ರದ ಜೊತೆ ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ ಮತ್ತು ಸಿನಾಪ್ಸಿಸ್, ಅಂದರೆ ಇಡೀ ಕಥೆಯ ಸಾರಾಂಶ, ಕೇಳುತ್ತಾರೆ. ಅಮೆರಿಕದಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ಕೆಲವರಿಗೆ ಪತ್ರ ಸಾಕು. ಕೆಲವರು ಮೊದಲ 5 ಪುಟ ಕೇಳುತ್ತಾರೆ, ಕೆಲವರು 10, ಇನ್ನು ಕೆಲವರು 50.

ಕಾದಂಬರಿ ಪೂರ್ತಿ ಆಗದೆ ಕ್ವೆರಿ ಕಳಿಸುವ ಹಾಗಿಲ್ಲ. ಇದು ರೂಢಿಯಲ್ಲ, ನಿಯಮ ಅಂತಲೇ ತಿಳಿಯಿರಿ. ಕಥೆಯಲ್ಲದ ಪುಸ್ತಕಗಳಿಗೆ ಪುಸ್ತಕದ ಯೋಜನೆ ವಿವರಿಸುವ ಪ್ರಪೋಸಲ್ ಮತ್ತು ಒಂದೆರಡು ಮಾದರಿ ಅಧ್ಯಾಯ ಇದ್ದರೆ ನಡೆಯುತ್ತದೆ. ಕಾದಂಬರಿಗೆ ನಡೆಯುವುದಿಲ್ಲ. ಏಜೆಂಟ್ ಇವತ್ತೇ 'ಪೂರ್ತಿ ಕಳಿಸಿ' ಅಂದರೆ ಇವತ್ತೇ ಕಳಿಸುವ ಸ್ಥಿತಿಯಲ್ಲಿ ಇರಬೇಕು.

ಪದಗಳ ಲೆಕ್ಕವನ್ನೂ ಆಗಲೇ ನೋಡಿಕೊಳ್ಳಬೇಕು. ವಯಸ್ಕರಿಗಾಗಿ ಬರೆದ ಕಾದಂಬರಿಗೆ 80,000ದಿಂದ 1,00,000 ಪದ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಫ್ಯಾಂಟಸಿ ಆದರೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ. ಮೊದಲ ಪುಸ್ತಕವೇ ಎರಡು ಲಕ್ಷ ಪದ ಅಂತ ಪತ್ರದಲ್ಲಿ ಕಂಡರೆ ತುಂಬ ಏಜೆಂಟರು ಅಲ್ಲೇ ನಿಲ್ಲಿಸುತ್ತಾರೆ. ಇನ್ನೂ ತಿದ್ದುವ ಕೆಲಸ ಬಾಕಿ ಇದೆ ಅಂತ ಅವರಿಗೆ ಅನ್ನಿಸುತ್ತದೆ. ಅಷ್ಟು ದಪ್ಪ ಪುಸ್ತಕದ ಮುದ್ರಣದ ಖರ್ಚೂ ಪ್ರಕಾಶಕರಿಗೆ ಹೊರೆ. ನಾನು ಪತ್ರಕ್ಕೆ ಕೈ ಹಾಕುವ ಮೊದಲು ಒಂದು ಉಪಕಥೆಯನ್ನೇ ತೆಗೆದು ಹಾಕಿದೆ. ಪ್ರೀತಿಯಿಂದ ಬರೆದದ್ದು, ತೆಗೆಯುವಾಗ ಸಂಕಟವಾಯಿತು. ಆದರೆ ತೆಗೆದ ಮೇಲೆ ಕಥೆಗೆ ಉಸಿರಾಡಲು ಜಾಗ ಸಿಕ್ಕಿತು.

ಇನ್ನು ಪತ್ರ. 250ರಿಂದ 350 ಪದ, ಅಷ್ಟೇ. ವರ್ಷಗಟ್ಟಲೆ ಬರೆದ ಕಾದಂಬರಿಯನ್ನು ಇಷ್ಟರಲ್ಲಿ ಹೇಳುವುದು ಹೇಗೆ ಅಂತ ಎಲ್ಲರಿಗೂ ಗಾಬರಿಯಾಗುತ್ತದೆ. ನನಗೂ ಆಯಿತು. ಆ ಗಾಬರಿ ಇಳಿದದ್ದು ಒಂದು ವಿಷಯ ಅರ್ಥವಾದ ಮೇಲೆ. ಈ ಪತ್ರ ಕಾದಂಬರಿಯನ್ನು ಹೇಳಬೇಕಾಗಿಯೇ ಇಲ್ಲ. ಓದಿದವರು ಕೆಳಗಿನ ಪುಟಗಳಿಗೆ ಕಣ್ಣು ಹಾಯಿಸಿದರೆ ಪತ್ರದ ಕೆಲಸ ಮುಗಿಯಿತು. ಇದನ್ನು ಪಕ್ಕಾ ಮಾಡಿಕೊಂಡರೆ ಏನು ಬಿಡಬೇಕು ಅನ್ನುವುದು ತಾನಾಗಿ ತಿಳಿಯುತ್ತಾ ಹೋಗುತ್ತದೆ. ಅಜ್ಜಿಯ ಪಾತ್ರ ಬೇಡ. ಹಿಂದಿನ ತಲೆಮಾರಿನ ಕಥೆ ಬೇಡ. ಎರಡನೇ ಭಾಗದ ತಿರುವು ಬೇಡ. ಮುಕ್ತಾಯವಂತೂ ಬೇಡವೇ ಬೇಡ.

ಪತ್ರದಲ್ಲಿ ಬರಬೇಕಾದ್ದು ಇಷ್ಟು: ಪುಸ್ತಕದ ಹೆಸರು, ಪ್ರಕಾರ, ಪದಗಳ ಸಂಖ್ಯೆ, ಅದಕ್ಕೆ ಹತ್ತಿರದ ಒಂದೆರಡು ಹೊಸ ಪುಸ್ತಕಗಳು, ಕಥೆಯ ಬಗ್ಗೆ ಎರಡು ಪ್ಯಾರಾ, ನಿಮ್ಮ ಬಗ್ಗೆ ಎರಡು ಸಾಲು. ಈ ಏಜೆಂಟರಿಗೇ ಯಾಕೆ ಕಳಿಸುತ್ತಿದ್ದೀರಿ ಅನ್ನುವುದಕ್ಕೆ ನಿಜವಾದ ಕಾರಣ ಇದ್ದರೆ ಒಂದು ಸಾಲು. ಕಾರಣ ಇಲ್ಲದಿದ್ದರೆ ಹೊಗಳಿಕೆ ತುಂಬಬೇಡಿ. ಹೆಸರಿನ ಕಾಗುಣಿತ ಮಾತ್ರ ಎರಡು ಸಲ ನೋಡಿ.

ಎಲ್ಲಕ್ಕಿಂತ ಕಷ್ಟ ಕಥೆಯ ಆ ಎರಡು ಪ್ಯಾರಾ. ನನ್ನ ಹೆಚ್ಚಿನ ಸಮಯ ಹೋದದ್ದು ಅಲ್ಲೇ. ಉದಾಹರಣೆ ಕೊಟ್ಟರೆ ಸುಲಭ. ನನ್ನ ಕಾದಂಬರಿಯ ನಾಯಕಿ ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಮೊದಲ ಕರಡಿನಲ್ಲಿ ನಾನು ಬರೆದದ್ದು ಹೀಗಿತ್ತು: ಇದು ನೆನಪು, ನ್ಯಾಯ ಮತ್ತು ಮೌನದ ಕಥೆ; ಸತ್ಯವನ್ನು ದಾಖಲಿಸುವವರಿಗೆ ಸತ್ಯ ಹೇಳುವ ಹಕ್ಕು ಇದೆಯೇ ಅನ್ನುವ ಪ್ರಶ್ನೆಯನ್ನು ಇದು ಎತ್ತುತ್ತದೆ. ಕಾದಂಬರಿಯಲ್ಲಿ ಇದೆಲ್ಲ ಇರುವುದು ನಿಜ. ಆದರೆ ಇದೇ ವಾಕ್ಯ ನೂರು ಬೇರೆ ಕಾದಂಬರಿಗಳಿಗೂ ಹೊಂದುತ್ತದೆ, ಅಲ್ವಾ? ಓದುವವರ ಕಣ್ಣ ಮುಂದೆ ಒಬ್ಬ ಮನುಷ್ಯರೂ ಬರುವುದಿಲ್ಲ.

ಕೊನೆಗೆ ನಿಂತ ರೂಪ ಹೀಗಿದೆ. ಸ್ಟೆನೋಗ್ರಾಫರ್ ಲೀಲಾ ನಿವೃತ್ತಿಗೆ ಹತ್ತಿರ ಬಂದಿದ್ದಾಳೆ. ಹಳೆಯ ಕೊಲೆ ಮೊಕದ್ದಮೆಯ ಕಡತ ಮತ್ತೆ ಮೇಜಿಗೆ ಬರುತ್ತದೆ. ಅದರಲ್ಲಿರುವ ಸಾಕ್ಷಿಯ ಹೇಳಿಕೆ ತಾನು ಅವತ್ತು ಬರೆದುಕೊಂಡ ಹೇಳಿಕೆಯಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಅವಳ ಮನೆಯಲ್ಲಿ ಆ ದಿನದ ಶಾರ್ಟ್‌ಹ್ಯಾಂಡ್ ಪುಸ್ತಕ ಇದೆ. ಅದನ್ನು ಹೊರಗೆ ತಂದರೆ ಜೈಲಿನಲ್ಲಿರುವ ಒಬ್ಬ ಮನುಷ್ಯ ಬಿಡುಗಡೆಯಾಗಬಹುದು. ಆದರೆ ಕೋರ್ಟಿನ ದಾಖಲೆಯನ್ನು ಮನೆಗೆ ಒಯ್ದವಳು ತಾನು ಅಂತ ಒಪ್ಪಿಕೊಂಡ ಹಾಗೂ ಆಗುತ್ತದೆ. ಕೆಲಸ, ಪಿಂಚಣಿ, ಹೆಸರು ಎಲ್ಲ ಹೋಗುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದರಲ್ಲಿ ನ್ಯಾಯ ಅನ್ನುವ ಪದವೇ ಇಲ್ಲ. ಯಾರ ಕಥೆ, ಅವರಿಗೆ ಏನು ಬೇಕು, ಅಡ್ಡ ಬರುವುದು ಏನು, ತಪ್ಪಿದರೆ ಕಳೆದುಕೊಳ್ಳುವುದು ಏನು, ಇಷ್ಟು ಇದೆ. ವಿಷಯವನ್ನು ಹೆಸರು ಹಿಡಿದು ಕರೆಯದೇ ಇದ್ದರೆ ಅದು ತಾನಾಗಿ ಕಾಣುತ್ತದೆ ಅನ್ನುವುದು ನನ್ನ ದೃಢವಾದ ಅಭಿಪ್ರಾಯ. ಒಳ್ಳೆಯ ಸಾಹಿತ್ಯಕ್ಕೆ ಕಥಾವಸ್ತುವನ್ನು ಹೀಗೆ ಬಿಚ್ಚಿ ಹೇಳುವುದು ಅವಮಾನ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಎಷ್ಟೇ ಸೂಕ್ಷ್ಮವಾದ ಕಾದಂಬರಿಯಾದರೂ ಅದರಲ್ಲಿ ಯಾರೋ ಒಬ್ಬರು ಏನೋ ಒಂದನ್ನು ಬಯಸುತ್ತಿರುತ್ತಾರೆ.

ಇನ್ನೆರಡು ಮಾತು ಈ ಪ್ಯಾರಾಗಳ ಬಗ್ಗೆ. ಹೆಸರು ಹಿಡಿದು ಕರೆಯುವ ಪಾತ್ರಗಳು ಎರಡು ಇರಲಿ, ಹೆಚ್ಚೆಂದರೆ ಮೂರು. ಉಳಿದವರನ್ನು 'ಹಿರಿಯ ವಕೀಲ', 'ತಂಗಿ' ಅಂತ ಸಂಬಂಧದಿಂದಲೇ ಹೇಳಿದರೆ ಸಾಕು. ಹಾಗೆಯೇ 'ನಿಮಗೆ ಹೀಗಾದರೆ ಏನು ಮಾಡುತ್ತೀರಿ?' ಅಂತ ಓದುವವರಿಗೆ ಪ್ರಶ್ನೆ ಹಾಕಿ ಶುರು ಮಾಡಬೇಡಿ. ತುಂಬ ಏಜೆಂಟರು ಇದು ಇಷ್ಟವಾಗುವುದಿಲ್ಲ ಅಂತ ತಮ್ಮ ಪುಟದಲ್ಲೇ ಬರೆದುಕೊಂಡಿರುತ್ತಾರೆ.

ನನಗೆ ತುಂಬ ಸಹಾಯ ಮಾಡಿದ ಒಂದು ಪರೀಕ್ಷೆ ಇದೆ. ಕಾದಂಬರಿ ಓದಿರದ ಗೆಳತಿಯೊಬ್ಬಳಿಗೆ ಪತ್ರ ಕೊಟ್ಟೆ. ಓದಿ ಮಡಿಸಿಟ್ಟ ಮೇಲೆ 'ಏನು ಕಥೆ, ಹೇಳು' ಅಂದೆ. ಅವಳು ಎಲ್ಲಿ ತಡವರಿಸಿದಳೋ ಅಲ್ಲಿ ಪತ್ರ ಮಸುಕಾಗಿದೆ ಅಂತ ಅರ್ಥ. ಕಾದಂಬರಿ ಓದಿದವರಿಗೆ ಈ ಪರೀಕ್ಷೆ ಮಾಡಿದರೆ ಉಪಯೋಗವಿಲ್ಲ. ಪತ್ರದಲ್ಲಿ ಇಲ್ಲದ್ದನ್ನು ಅವರು ತಮ್ಮ ನೆನಪಿನಿಂದ ತುಂಬಿಕೊಳ್ಳುತ್ತಾರೆ.

ಹತ್ತಿರದ ಪುಸ್ತಕಗಳನ್ನು ಹೆಸರಿಸುವುದು ಇನ್ನೊಂದು ತಲೆನೋವು. ಇವಕ್ಕೆ ಕಾಂಪ್ಸ್ ಅನ್ನುತ್ತಾರೆ. ನಿಮ್ಮ ಪುಸ್ತಕ ಅಂಗಡಿಯಲ್ಲಿ ಯಾವ ಪುಸ್ತಕಗಳ ಪಕ್ಕ ಕೂರುತ್ತದೆ, ಯಾರು ಕೊಳ್ಳುತ್ತಾರೆ ಅನ್ನುವುದನ್ನು ತೋರಿಸುವುದು ಇದರ ಉದ್ದೇಶ. ಕಳೆದ ಮೂರರಿಂದ ಐದು ವರ್ಷದೊಳಗೆ ಬಂದ ಎರಡು ಪುಸ್ತಕ ಇದ್ದರೆ ಸರಿ. ಹಳೆಯ ಮಹಾಕೃತಿಗಳ ಹೆಸರು ಹಾಕಿದರೆ ಇವರು ಈಚೆಗೆ ಏನೂ ಓದಿಲ್ಲ ಅಂತ ಅನ್ನಿಸುತ್ತದೆ. ಕೋಟಿಗಟ್ಟಲೆ ಮಾರಾಟವಾದ ಪುಸ್ತಕದ ಹೆಸರಿನಿಂದಲೂ ಪ್ರಯೋಜನವಿಲ್ಲ. ನಾನು ಕಾಂಪ್ಸ್ ಹುಡುಕಲು ಅಂತಲೇ ಹಲವು ಹೊಸ ಕಾದಂಬರಿಗಳನ್ನು ಓದಿದೆ. ಈ ಇಡೀ ಪ್ರಕ್ರಿಯೆಯಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟ ಭಾಗ ಅದು.

ನಿಮ್ಮ ಪರಿಚಯದ ಸಾಲುಗಳಿಗೆ ಹೆಚ್ಚು ಚಿಂತೆ ಬೇಡ. ಕಥೆಗಳು ಪ್ರಕಟವಾಗಿದ್ದರೆ ಹೇಳಿ. ಪುಸ್ತಕಕ್ಕೆ ಸಂಬಂಧಪಟ್ಟ ಕೆಲಸ ಮಾಡಿದ್ದರೆ ಹೇಳಿ. ಏನೂ ಇಲ್ಲದಿದ್ದರೆ ಊರು, ವೃತ್ತಿ ಹೇಳಿ ಮುಗಿಸಿ. ಪ್ರಕಟಣೆ ಇಲ್ಲ ಅನ್ನುವ ಕಾರಣಕ್ಕೆ ಕಾದಂಬರಿಯನ್ನು ಯಾರೂ ತಳ್ಳಿಹಾಕುವುದಿಲ್ಲ. ಮೊದಲ ಪುಸ್ತಕದವರನ್ನು ಹುಡುಕುವ ಏಜೆಂಟರು ಎಷ್ಟೋ ಜನ ಇದ್ದಾರೆ.

ಸಿನಾಪ್ಸಿಸ್ ಬೇರೆಯೇ ಕಾಗದ. ಒಂದು ಅಥವಾ ಎರಡು ಪುಟದಲ್ಲಿ ಇಡೀ ಕಥೆ, ಮುಕ್ತಾಯವೂ ಸೇರಿ. ಪತ್ರದಲ್ಲಿ ಮುಚ್ಚಿಟ್ಟದ್ದನ್ನು ಇಲ್ಲಿ ಬಿಚ್ಚಿಡಲೇಬೇಕು. ಕೊಲೆಗಾರ ಯಾರು ಅಂತ ಇಲ್ಲಿ ಹೇಳದೆ ಕುತೂಹಲ ಉಳಿಸಲು ಹೋದರೆ ಓದುವವರಿಗೆ ಕಿರಿಕಿರಿ. ಕಥೆ ಕೊನೆಯವರೆಗೂ ನಿಲ್ಲುತ್ತದೆಯೇ ಅಂತ ನೋಡಲೆಂದೇ ಅವರು ಇದನ್ನು ಕೇಳುವುದು. ನಾನು ಒಂದು ಪುಟದ್ದು ಮತ್ತು ಎರಡು ಪುಟದ್ದು ಎರಡನ್ನೂ ತಯಾರು ಮಾಡಿಟ್ಟುಕೊಂಡಿದ್ದೆ. ಎರಡೂ ಬಳಕೆಗೆ ಬಂದವು.

ನಂತರ ಏಜೆಂಟರ ಪಟ್ಟಿ. ಕ್ವೆರಿಟ್ರ್ಯಾಕರ್ ಅನ್ನುವ ತಾಣದಲ್ಲಿ ಯಾರು ಯಾವ ಪ್ರಕಾರ ನೋಡುತ್ತಾರೆ, ಈಗ ಕ್ವೆರಿ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ಅನ್ನುವುದು ಸಿಗುತ್ತದೆ. ಮ್ಯಾನುಸ್ಕ್ರಿಪ್ಟ್ ವಿಶ್ ಲಿಸ್ಟ್‌ನಲ್ಲಿ ಏಜೆಂಟರು ತಮಗೆ ಎಂಥ ಪುಸ್ತಕ ಬೇಕು ಅಂತ ತಾವೇ ಬರೆದಿರುತ್ತಾರೆ. ಪಬ್ಲಿಷರ್ಸ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಯಾರು ಯಾವ ಪುಸ್ತಕವನ್ನು ಯಾವ ಪ್ರಕಾಶಕರಿಗೆ ಮಾರಿದರು ಅನ್ನುವುದು ಗೊತ್ತಾಗುತ್ತದೆ. ಇದಕ್ಕೆ ತಿಂಗಳ ಚಂದಾ ಇದೆ. ಪಟ್ಟಿ ಎಲ್ಲ ತಯಾರಾದ ಮೇಲೆ ಒಂದೇ ತಿಂಗಳು ಚಂದಾ ಕಟ್ಟಿ ಎಲ್ಲರನ್ನೂ ಒಟ್ಟಿಗೆ ಪರಿಶೀಲಿಸಿ, ಆಮೇಲೆ ನಿಲ್ಲಿಸಿ. ದುಡ್ಡು ಕೊಡದೆಯೂ ಒಂದು ದಾರಿ ಇದೆ. ನಿಮಗೆ ಇಷ್ಟವಾದ ಹೊಸ ಕಾದಂಬರಿಗಳ ಕೃತಜ್ಞತೆಯ ಪುಟ ನೋಡಿ. ಲೇಖಕರು ತಮ್ಮ ಏಜೆಂಟರನ್ನು ಅಲ್ಲಿ ನೆನೆದಿರುತ್ತಾರೆ. ನನ್ನ ಪಟ್ಟಿಯ ಒಳ್ಳೆಯ ಹೆಸರುಗಳು ಸಿಕ್ಕಿದ್ದು ಹೀಗೆ.

ಖರ್ಚಿನ ವಿಷಯ ಇಲ್ಲೇ ಹೇಳಬೇಕು. ಕ್ವೆರಿ ಕಳಿಸಲು ಒಂದು ಪೈಸೆಯೂ ಕೊಡಬೇಕಾಗಿಲ್ಲ. ಓದಲು ದುಡ್ಡು ಕೇಳುವ ಏಜೆಂಟ್ ಸಿಕ್ಕರೆ ಅಲ್ಲಿಂದಲೇ ಹಿಂದೆ ಸರಿಯಿರಿ. ಅಮೆರಿಕದ ಏಜೆಂಟರ ಸಂಘವಾದ ಎಎಎಲ್‌ಎ ತನ್ನ ನೀತಿಸಂಹಿತೆಯಲ್ಲೇ ಓದುವ ಶುಲ್ಕ ತೆಗೆದುಕೊಳ್ಳಬಾರದು ಅಂತ ಹೇಳಿದೆ. ಬ್ರಿಟನ್ನಿನಲ್ಲೂ 1974ರಿಂದ ಅಸೋಸಿಯೇಷನ್ ಆಫ್ ಆಥರ್ಸ್ ಏಜೆಂಟ್ಸ್ ಅನ್ನುವ ಏಜೆಂಟರ ಸಂಘ ಇದೆ. ಏಜೆಂಟರಿಗೆ ದುಡ್ಡು ಬರುವುದು ಪುಸ್ತಕ ಮಾರಾಟವಾದ ಮೇಲೆ, ಕಮಿಷನ್ ರೂಪದಲ್ಲಿ ಮಾತ್ರ.

ನನಗೂ ಒಂದು ಇಮೇಲ್ ಬಂದಿತ್ತು. ನಾನು ಅವರಿಗೆ ಏನೂ ಕಳಿಸಿರಲಿಲ್ಲ. ಆದರೂ ನನ್ನ ಕಾದಂಬರಿಯನ್ನು ಬಾಯಿತುಂಬ ಹೊಗಳಿದ್ದರು. ದೊಡ್ಡ ಪ್ರಕಾಶಕರು ಆಸಕ್ತಿ ತೋರಿಸಿದ್ದಾರೆ, ಮೊದಲು ಎಡಿಟಿಂಗಿಗೆ ಇಷ್ಟು ಕಟ್ಟಿ ಅಂತ ಕೇಳಿದ್ದರು. ತಿರಸ್ಕಾರಗಳ ನಡುವೆ ಅಂಥ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ರೈಟರ್ ಬಿವೇರ್ ಅನ್ನುವ ತಾಣ ನೋಡಿದೆ. ವಿಕ್ಟೋರಿಯಾ ಸ್ಟ್ರಾಸ್ ಮತ್ತು ಎ.ಸಿ. ಕ್ರಿಸ್ಪಿನ್ ಅನ್ನುವ ಇಬ್ಬರು ಲೇಖಕಿಯರು 1998ರಲ್ಲಿ ಶುರು ಮಾಡಿದ್ದು ಅದು. ಬರಹಗಾರರಿಗೆ ಮೋಸ ಮಾಡುವವರ ಬಗ್ಗೆ ಆ ತಾಣ ಅಂದಿನಿಂದ ಎಚ್ಚರಿಸುತ್ತಾ ಬಂದಿದೆ. ನನಗೆ ಬಂದ ಇಮೇಲಿನ ಧಾಟಿಯ ವಿವರಣೆ ಅಲ್ಲಿ ಹಾಗೆಯೇ ಇತ್ತು. ಗುರುತಿಲ್ಲದವರಿಂದ ಹೊಗಳಿಕೆ ಬಂದರೆ ಉತ್ತರ ಬರೆಯುವ ಮೊದಲು ದಯವಿಟ್ಟು ಅಲ್ಲಿ ಒಮ್ಮೆ ಹುಡುಕಿ.

ಕಳಿಸುವ ಕೆಲಸ ಸಣ್ಣದು ಅನ್ನಿಸುತ್ತದೆ, ಆದರೆ ದಿನಗಳನ್ನೇ ತಿನ್ನುತ್ತದೆ. ಈಗ ತುಂಬ ಏಜೆಂಟರು ಕ್ವೆರಿಮ್ಯಾನೇಜರ್ ಅನ್ನುವ ಆನ್‌ಲೈನ್ ಫಾರ್ಮ್ ಬಳಸುತ್ತಾರೆ. ಅದರಲ್ಲಿ ಪತ್ರ, ಪರಿಚಯ, ಒಂದು ವಾಕ್ಯದ ಪಿಚ್ (ಇಡೀ ಕಾದಂಬರಿಯನ್ನು ಒಂದೇ ವಾಕ್ಯದಲ್ಲಿ ಹೇಳುವುದು), ಕಾಂಪ್ಸ್, ಓದುಗರು ಯಾರು, ಸಿನಾಪ್ಸಿಸ್, ಮಾದರಿ ಪುಟಗಳು ಹೀಗೆ ಒಂದೊಂದಕ್ಕೂ ಬೇರೆ ಬೇರೆ ಪೆಟ್ಟಿಗೆ. ಬರವಣಿಗೆಗೆ ಎಐ ಬಳಸಿದ್ದೀರಾ ಅಂತಲೂ ಈಗ ಹಲವರು ಕೇಳುತ್ತಾರೆ. ಎಲ್ಲದಕ್ಕೂ ಉತ್ತರವನ್ನು ಮೊದಲೇ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ. ಒಂದು ವಾಕ್ಯದ ಪಿಚ್ಚನ್ನು ಫಾರ್ಮಿನ ಮುಂದೆ ಕೂತು ಯೋಚಿಸಿದರೆ ಬರುವುದಿಲ್ಲ. ನನಗೆ ಆ ಒಂದು ವಾಕ್ಯಕ್ಕೆ ಇಡೀ ಪತ್ರದಷ್ಟೇ ಹೊತ್ತು ಹಿಡಿಯಿತು.

ಇಮೇಲಿನಲ್ಲಿ ಕೇಳುವವರಿಗೆ ಎಲ್ಲವನ್ನೂ ಇಮೇಲಿನ ಒಳಗೇ ಅಂಟಿಸಬೇಕು. ಕೇಳದೆ ಲಗತ್ತಿಸಿದ ಕಡತವನ್ನು ವೈರಸ್ಸಿನ ಭಯಕ್ಕೆ ತೆರೆಯದೇ ಅಳಿಸುತ್ತಾರೆ. ವರ್ಡ್‌ನಿಂದ ನಕಲು ಮಾಡಿದಾಗ ಸಾಲುಗಳ ಅಂತರ ಕೆಡುತ್ತದೆ. ಮೊದಲು ನಿಮಗೆ ನೀವೇ ಕಳಿಸಿಕೊಂಡು ನೋಡಿ. ಪೂರ್ತಿ ಹಸ್ತಪ್ರತಿ ಕೇಳಿದರೆ ಟೈಮ್ಸ್ ನ್ಯೂ ರೋಮನ್, 12 ಪಾಯಿಂಟ್, ಡಬಲ್ ಸ್ಪೇಸ್, ಸುತ್ತ ಒಂದು ಇಂಚು ಅಂಚು. ಇದರಲ್ಲಿ ಯಾವ ಅಲಂಕಾರವೂ ಬೇಡ.

ಎಲ್ಲರಿಗೂ ಒಟ್ಟಿಗೆ ಕಳಿಸಬೇಡಿ ಅನ್ನುವ ಸಲಹೆಯನ್ನು ನಾನು ಪಾಲಿಸಿದೆ, ಅದು ಸರಿ ಅಂತ ಈಗಲೂ ಹೇಳುತ್ತೇನೆ. ಐದೋ ಹತ್ತೋ ಜನರಿಗೆ ಕಳಿಸಿ, ಬಂದ ಉತ್ತರ ನೋಡಿ, ಬೇಕಾದರೆ ಪತ್ರ ತಿದ್ದಿ ಮುಂದಿನವರಿಗೆ. ಒಂದು ಕಡೆ ಬೇಡ ಅಂದ ಮೇಲೆ ಅದೇ ಪುಸ್ತಕಕ್ಕೆ ಎರಡನೇ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಹಲವರಿಗೆ ಏಕಕಾಲಕ್ಕೆ ಕಳಿಸುವುದು ತಪ್ಪಲ್ಲ, ಎಲ್ಲರೂ ಅದನ್ನೇ ನಿರೀಕ್ಷಿಸುತ್ತಾರೆ. ಆದರೆ ಒಂದೇ ಏಜೆನ್ಸಿಯ ಇಬ್ಬರಿಗೆ ಒಟ್ಟಿಗೆ ಕಳಿಸಬಾರದು. ಕೆಲವು ಏಜೆನ್ಸಿಗಳಲ್ಲಿ ಒಬ್ಬರು ಬೇಡ ಅಂದರೆ ಎಲ್ಲರೂ ಬೇಡ ಅಂದ ಹಾಗೆ. ಕೆಲವು ಕಡೆ ಇನ್ನೊಬ್ಬರನ್ನು ಕೇಳಬಹುದು. ಅವರ ತಾಣದಲ್ಲಿ ಬರೆದಿರುತ್ತದೆ.

ಆಮೇಲೆ ಶುರುವಾಯಿತು ಕಾಯುವುದು. ಇದರ ಬಗ್ಗೆ ಯಾರು ಎಷ್ಟು ಹೇಳಿದರೂ ಕಡಿಮೆಯೇ. ಆರರಿಂದ ಎಂಟು ವಾರ ಅಂತ ಕೆಲವರು ಬರೆದಿರುತ್ತಾರೆ, ಹನ್ನೆರಡು ವಾರ ಅಂತ ಕೆಲವರು. 'ಉತ್ತರ ಬರದಿದ್ದರೆ ಬೇಡ ಅಂತ ತಿಳಿಯಿರಿ' ಅನ್ನುವವರೂ ತುಂಬ ಜನ. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಬೇಡ ಅಂತ ಬರೆದರೆ ಒಂದು ದಿನ ಬೇಜಾರಾಗುತ್ತದೆ, ಮುಗಿಯುತ್ತದೆ. ಮೌನಕ್ಕೆ ಮುಕ್ತಾಯದ ದಿನವೇ ಇಲ್ಲ. ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳ, ವಸಂತದಲ್ಲಿ ಲಂಡನ್ ಮೇಳ, ಡಿಸೆಂಬರಿನಲ್ಲಿ ರಜೆ. ಆ ದಿನಗಳಲ್ಲಿ ಉತ್ತರ ಇನ್ನೂ ನಿಧಾನ. ಮೊದಲೇ ಗೊತ್ತಿದ್ದರೆ ಆ ಮೌನವನ್ನು ನಿಮ್ಮ ಪುಸ್ತಕದ ಮೇಲಿನ ತೀರ್ಪು ಅಂತ ಓದಿಕೊಳ್ಳುವುದಿಲ್ಲ.

ಹಿಂದಿನವರ ಪಾಡು ಇನ್ನೂ ಕಠಿಣವಾಗಿತ್ತು. ಉತ್ತರ ಬೇಕಾದರೆ ಸ್ವಂತ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಜೊತೆಗೆ ಕಳಿಸಬೇಕಿತ್ತು. ಬೇರೆ ದೇಶದವರು ಅಂಚೆಚೀಟಿ ಬದಲು ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ಇಡುತ್ತಿದ್ದರು. ತಿರಸ್ಕಾರ ಬರುವ ಲಕೋಟೆಯ ಮೇಲೆ ತಮ್ಮದೇ ಕೈಬರಹ ಇರುತ್ತಿತ್ತು. ಅವರನ್ನೆಲ್ಲ ನೆನೆದರೆ ನನಗೆ ಗೌರವ ಮೂಡುತ್ತದೆ.

ಬಂದ ತಿರಸ್ಕಾರಗಳಲ್ಲಿ ಹೆಚ್ಚಿನವು ಸಿದ್ಧ ಉತ್ತರಗಳು. 'ನನ್ನ ಪಟ್ಟಿಗೆ ಹೊಂದುವುದಿಲ್ಲ', 'ನಾನು ಅಂದುಕೊಂಡಷ್ಟು ಮನಸ್ಸಿಗೆ ಹತ್ತಿರವಾಗಲಿಲ್ಲ', ಇಷ್ಟೇ. ಈ ಸಾಲುಗಳ ಒಳಗೆ ಅರ್ಥ ಹುಡುಕಬೇಡಿ. ಎಲ್ಲರಿಗೂ ಅದನ್ನೇ ಕಳಿಸುತ್ತಾರೆ. ಆದರೆ ಹೆಸರು ಹಿಡಿದು, ಪಾತ್ರದ ಬಗ್ಗೆ, ಒಂದು ದೃಶ್ಯದ ಬಗ್ಗೆ ಮಾತಾಡಿ ಬೇಡ ಅಂದಿದ್ದರೆ ಆ ಪತ್ರ ಜೋಪಾನ ಮಾಡಿ. ಅದು ಅಪರೂಪ. ಒಬ್ಬರು ಲೀಲಾಳ ತಂಗಿಯ ಬಗ್ಗೆ ಬರೆದ ಒಂದು ಸಾಲಿನಿಂದ ಒಂದು ಅಧ್ಯಾಯವೇ ಬದಲಾಯಿತು. ಯಾವ ತಿರಸ್ಕಾರಕ್ಕೂ ವಾದ ಮಾಡಿ ಉತ್ತರ ಬರೆಯಬೇಡಿ. ವಿವರವಾಗಿ ಬರೆದವರಿಗೆ ಒಂದು ಸಾಲಿನ ಧನ್ಯವಾದ ಹೇಳಬಹುದು.

ಉತ್ತರಗಳನ್ನು ಒಟ್ಟಾಗಿ ನೋಡಿದರೆ ಮಾತ್ರ ಏನೋ ತಿಳಿಯುತ್ತದೆ. ಯಾರೂ ಹೆಚ್ಚಿನ ಪುಟ ಕೇಳುತ್ತಿಲ್ಲ ಅಂದರೆ ಪತ್ರ ಅಥವಾ ಮೊದಲ ಪುಟಗಳನ್ನು ಅನುಮಾನಿಸಿ. ಪೂರ್ತಿ ಕೇಳಿ ಆಮೇಲೆ ಬೇಡ ಅನ್ನುತ್ತಿದ್ದರೆ ಪತ್ರ ತನ್ನ ಕೆಲಸ ಮಾಡಿದೆ. ನೋಡಬೇಕಾದ್ದು ಕಾದಂಬರಿಯನ್ನು. ನನಗೆ ಮೊದಲ ಸುತ್ತಿನಲ್ಲಿ ಯಾರೂ ಏನೂ ಕೇಳಲಿಲ್ಲ. ಶಾರ್ಟ್‌ಹ್ಯಾಂಡ್ ಪುಸ್ತಕದ ವಿಷಯವನ್ನು ಎರಡನೇ ಪ್ಯಾರಾದಿಂದ ಮೊದಲ ಪ್ಯಾರಾಕ್ಕೆ ತಂದು ಮುಂದಿನ ಸುತ್ತು ಕಳಿಸಿದ ಮೇಲೆ ಮೊದಲ ಫುಲ್ ರಿಕ್ವೆಸ್ಟ್ ಬಂತು. ಪೂರ್ತಿ ಹಸ್ತಪ್ರತಿ ಕಳಿಸಿ ಅಂತ ಕೇಳುವುದಕ್ಕೆ ಫುಲ್ ರಿಕ್ವೆಸ್ಟ್, ಒಂದಷ್ಟು ಅಧ್ಯಾಯ ಕೇಳುವುದಕ್ಕೆ ಪಾರ್ಷಿಯಲ್ ಅನ್ನುತ್ತಾರೆ. ಆ ಎರಡು ಸಾಲಿನ ಇಮೇಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವತ್ತು ರಾತ್ರಿ ನಿದ್ದೆಯೂ ಬರಲಿಲ್ಲ.

ಅಡಚಣೆಗಳು ಬಂದದ್ದು ಅದಾದ ಮೇಲೆ. ಇನ್ನೊಬ್ಬರು ಪೂರ್ತಿ ಕೇಳಿದ ಇಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಕೂತಿತ್ತು. ಕ್ವೆರಿಗೆ ಅಂತಲೇ ಬೇರೆ ಇಮೇಲ್ ವಿಳಾಸ ಮಾಡಿಕೊಂಡಿದ್ದರಿಂದ ಆ ಪೆಟ್ಟಿಗೆಯಲ್ಲಿ ಕಸ ಕಡಿಮೆ ಇತ್ತು, ಕಣ್ಣಿಗೆ ಬಿತ್ತು. ವಾರಕ್ಕೊಮ್ಮೆ ಸ್ಪ್ಯಾಮ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಇನ್ನೊಂದು ನಿಜವಾಗಿ ನೋಯಿಸಿದ್ದು. ನನ್ನ ಹಸ್ತಪ್ರತಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ ಏಜೆಂಟ್ ಒಬ್ಬರು ಆ ವೃತ್ತಿಯನ್ನೇ ಬಿಟ್ಟರು. ನಾನು ವಿಚಾರಿಸಿ ಬರೆದ ಇಮೇಲ್ 'ವಿಳಾಸ ಇಲ್ಲ' ಅಂತ ಹಿಂದಕ್ಕೆ ಬಂದಾಗಲೇ ಗೊತ್ತಾಗಿದ್ದು. ಏಜೆನ್ಸಿಯ ಸಾಮಾನ್ಯ ವಿಳಾಸಕ್ಕೆ ಬರೆದೆ. ಬೇರೆಯವರಿಗೆ ದಾಟಿಸುತ್ತೇವೆ ಅಂದರು. ದಾಟಿತೋ ಇಲ್ಲವೋ, ಆಮೇಲೆ ಸುದ್ದಿಯಿಲ್ಲ. ಇಂಥದ್ದಕ್ಕೆ ನಾವು ಮಾಡಬಹುದಾದ್ದು ಏನೂ ಇಲ್ಲ, ಒಬ್ಬರನ್ನೇ ನಂಬಿ ಉಳಿದ ಕ್ವೆರಿ ನಿಲ್ಲಿಸದಿರುವುದನ್ನು ಬಿಟ್ಟರೆ.

ಈ ದಿನಗಳನ್ನು ನಾನು ಕಳೆದದ್ದು ಹೊಸ ಕಾದಂಬರಿ ಶುರು ಮಾಡಿ. ಎಲ್ಲರೂ ಕೊಡುವ ಸಲಹೆ ಇದು, ನಾನೂ ಕೊಡುತ್ತೇನೆ. ಮೊದಮೊದಲು ಒಂದು ಪುಟ ಬರೆಯುವುದರೊಳಗೆ ಇಮೇಲ್ ನಾಲ್ಕು ಸಲ ನೋಡುತ್ತಿದ್ದೆ. ಹೊಸ ಪಾತ್ರಗಳು ಮಾತಾಡಲು ಶುರು ಮಾಡಿದ ಮೇಲೆ ಅದು ಕಡಿಮೆಯಾಯಿತು. ಕ್ವೆರಿಯ ವಿವರಗಳನ್ನೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿಟ್ಟೆ: ಯಾರಿಗೆ, ಯಾವತ್ತು, ಪತ್ರದ ಯಾವ ರೂಪ, ಏನೇನು ಪುಟ, ಯಾವಾಗ ವಿಚಾರಿಸಬಹುದು. ಇದು ತಲೆಯಿಂದ ಭಾರ ಇಳಿಸುತ್ತದೆ.

ಒಬ್ಬ ಏಜೆಂಟ್ 'ಮಾತಾಡಬಹುದಾ?' ಅಂತ ಬರೆದರು. ಪೂರ್ತಿ ಓದಿದ ಮೇಲೆ ಬರುವ ಇಂಥ ಕರೆ ಹೆಚ್ಚಾಗಿ ಒಳ್ಳೆಯ ಸುದ್ದಿ. ಕೆಲವೊಮ್ಮೆ ಮಾತ್ರ ತಿದ್ದಿ ಮತ್ತೆ ಕಳಿಸಿ ಅಂತ ಹೇಳಲೂ ಕರೆಯುತ್ತಾರೆ. ನಾನು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೆ. ಕಾದಂಬರಿಯಲ್ಲಿ ಏನು ಬದಲಾಗಬೇಕು ಅನ್ನಿಸುತ್ತದೆ? ಯಾವ ಸಂಪಾದಕರಿಗೆ ಕಳಿಸುವ ಯೋಚನೆ ಇದೆ? ಈ ಪುಸ್ತಕ ಮಾರಾಟವಾಗದಿದ್ದರೆ ಮುಂದಿನದನ್ನೂ ನೋಡುತ್ತೀರಾ? ಬೇರೆ ದೇಶಗಳ ಹಕ್ಕು, ಸಿನಿಮಾ ಹಕ್ಕು ಯಾರು ನೋಡಿಕೊಳ್ಳುತ್ತಾರೆ? ನಾವು ಬೇರೆಯಾಗಬೇಕಾದರೆ ಹೇಗೆ? ಅವರು ಪ್ರತಿಯೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ಲೀಲಾ ಬಗ್ಗೆ ಮಾತಾಡುವಾಗ ಬದುಕಿರುವ ಮನುಷ್ಯರ ಬಗ್ಗೆ ಮಾತಾಡಿದ ಹಾಗಿತ್ತು. ನನ್ನ ಗಂಟಲು ಕಟ್ಟಿತು.

ನಿಮ್ಮ ಏಜೆಂಟ್ ಆಗುತ್ತೇನೆ ಅಂತ ಅವರು ಹೇಳಿದ ಕ್ಷಣದಲ್ಲೇ ಹೂಂ ಅನ್ನಬೇಕು ಅನ್ನಿಸುತ್ತದೆ. ಅನ್ನಬೇಡಿ. ಎರಡು ವಾರ ಕೇಳುವುದು ಅಲ್ಲಿ ಮಾಮೂಲು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಸಮಯದಲ್ಲಿ ಹಸ್ತಪ್ರತಿ ಇಟ್ಟುಕೊಂಡಿರುವ ಏಜೆಂಟರಿಗೂ ಇನ್ನೂ ಕ್ವೆರಿಗೆ ಉತ್ತರಿಸದ ಉಳಿದವರಿಗೂ 'ನನಗೆ ಒಂದು ಆಫರ್ ಬಂದಿದೆ, ಇಂಥ ದಿನಾಂಕದೊಳಗೆ ತಿಳಿಸಿ' ಅಂತ ಬರೆಯಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದವರೂ ಆ ಇಮೇಲಿಗೆ ಗಂಟೆಗಳಲ್ಲಿ ಉತ್ತರ ಬರೆದರು. ಇಲ್ಲದ ಆಫರನ್ನು ಇದೆ ಅಂತ ಹೇಳಿ ಆತುರಪಡಿಸುವ ಉಪಾಯ ಮಾತ್ರ ಬೇಡ. ಅದು ಸಣ್ಣ ಜಗತ್ತು, ನಂಬಿಕೆ ಒಮ್ಮೆ ಹೋದರೆ ಹೋಯಿತು. ಆ ಏಜೆಂಟರ ಇತರ ಲೇಖಕರ ಜೊತೆ ಮಾತಾಡಲೂ ಇದೇ ಸಮಯ. ಕೇಳಿದರೆ ಪರಿಚಯ ಮಾಡಿಸುತ್ತಾರೆ.

ಒಪ್ಪಂದದಲ್ಲಿ ನೋಡಬೇಕಾದ್ದು ಕೆಲವೇ ವಿಷಯ. ಕಮಿಷನ್ ಸ್ವದೇಶದ ಮಾರಾಟಕ್ಕೆ 15%, ವಿದೇಶಿ ಹಕ್ಕುಗಳಿಗೆ 20% ಇರುವುದು ಸಾಮಾನ್ಯ. ಒಪ್ಪಂದ ಒಂದು ಪುಸ್ತಕಕ್ಕೋ ಮುಂದಿನ ಎಲ್ಲಕ್ಕೋ ಅಂತ ನೋಡಿ. ಎಷ್ಟು ದಿನದ ನೋಟಿಸ್ ಕೊಟ್ಟು ಹೊರಬರಬಹುದು ಅಂತ ನೋಡಿ. ಏಜೆಂಟ್ ಮಾರಿಕೊಟ್ಟ ಪುಸ್ತಕದ ಕಮಿಷನ್ ನೀವು ಬೇರೆಯಾದ ಮೇಲೂ ಅವರಿಗೇ ಹೋಗುತ್ತದೆ, ಅದು ಸರಿಯಾದದ್ದೇ. ಅರ್ಥವಾಗದ ಷರತ್ತು ಇದ್ದರೆ ಕೇಳಿ. ನಾನು ಎರಡು ಕಡೆ ಬದಲಾವಣೆ ಕೇಳಿದೆ. ಒಂದಕ್ಕೆ ಒಪ್ಪಿದರು, ಇನ್ನೊಂದು ಯಾಕೆ ಹಾಗಿದೆ ಅಂತ ವಿವರಿಸಿದರು. ಅಮೆರಿಕದ ಹೊರಗಿನವರಾದರೆ ಅಲ್ಲಿಂದ ಹಣ ಬರುವ ಮೊದಲು ಡಬ್ಲ್ಯೂ-8ಬಿಇಎನ್ ಅನ್ನುವ ತೆರಿಗೆ ಫಾರ್ಮ್ ತುಂಬಿಕೊಡಬೇಕಾಗುತ್ತದೆ.

ಸಹಿ ಹಾಕಿದ ದಿನವೇ ಬಾಕಿ ಉಳಿದ ಕ್ವೆರಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಫಾರ್ಮಿನಲ್ಲಿ ಕಳಿಸಿದ್ದಕ್ಕೆ ಅಲ್ಲೇ ಒಂದು ಬಟನ್ ಇರುತ್ತದೆ, ಇಮೇಲಿನಲ್ಲಿ ಕಳಿಸಿದ್ದಕ್ಕೆ ಎರಡು ಸಾಲು ಸಾಕು. ನಾನು ಈಗ ಏಜೆಂಟ್ ಕೊಟ್ಟ ಟಿಪ್ಪಣಿ ಹಿಡಿದುಕೊಂಡು ಕಾದಂಬರಿಯ ಎರಡನೇ ಭಾಗ ತಿದ್ದುತ್ತಿದ್ದೇನೆ. ಸಂಪಾದಕರಿಗೆ ಕಳಿಸುವುದು ಅದಾದ ಮೇಲೆ. ಆ ಸುತ್ತಿಗೆ ಏಜೆಂಟ್ ತಾವೇ ಒಂದು ಪತ್ರ ಬರೆಯುತ್ತಾರೆ. ಕರಡು ಕಳಿಸಿದ್ದಾರೆ, ನನ್ನ ಕ್ವೆರಿಯ ಮೂರು ವಾಕ್ಯ ಅದರಲ್ಲಿ ಹಾಗೆಯೇ ಇವೆ.